ಮೈಲುತುತ್ತ, ಚಿನ್ನ ಮತ್ತು ನಾಲ್ಕೆಳೆಯ ಗಂಟು

ಮೇ ತಿಂಗಳ ಕೊನೆಗೆ ಚಾರ್ಮಾಡಿ ಕಡೆಯಿಂದ ಮೋಡ ಏರತೊಡಗಿದರೆ ನಮ್ಮ ಮನೆಯಲ್ಲಿ ಬೋರ್ಡೊ ಕಲಸುವ ಗಡಿಬಿಡಿ. ಆ ದಿನ ಅಪ್ಪ ಅಳತೆಯನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ; ಎರಡನ್ನೂ ಒಟ್ಟೊಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯಬೇಕು. ಅಡಿಕೆಯ ಕೊಳೆ ರೋಗಕ್ಕಾದರೆ 100 ಲೀಟರ್ ನೀರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ. ಕಾಫಿಯ ಎಲೆ ತುಕ್ಕಿಗೆ ಅದರ ಅರ್ಧ ಸಾಕು. ಎಲ್ಲ ಕಲಸಿ ಆದ ಮೇಲೆ ಮಸೆದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತಿ ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದ್ದರೆ, "ಇನ್ನೂ ಬಿಡಿ ತಾಮ್ರ ಇದೆ, ಎಲೆ ಸುಟ್ಟೋಗುತ್ತೆ" ಅಂತ ಇನ್ನೊಂದಿಷ್ಟು ಸುಣ್ಣ ಬೀಳುತ್ತಿತ್ತು.

ಆಮೇಲೆ ನಾನು ರಸಾಯನಶಾಸ್ತ್ರ ಓದಿ ಬೆಂಗಳೂರಿನ ಲ್ಯಾಬಿನಲ್ಲಿ ಹದಿಮೂರು ವರ್ಷ ಕಳೆದೆ. ಡಿಎನ್‌ಎ ತನ್ನ ಮಾಮೂಲಿ ಸುರುಳಿ ಬಿಟ್ಟು ಬೇರೆ ಥರ ಮಡಚಿಕೊಂಡಾಗ ಅದನ್ನು ಹಿಡಿದು ನಿಲ್ಲಿಸಬಲ್ಲ ಲೋಹದ ಸಂಯುಕ್ತಗಳನ್ನು ಮಾಡುವುದು, ಅವು ಕ್ಯಾನ್ಸರಿಗೆ ಔಷಧಿಯಾದಾವೇ ಎಂದು ನೋಡುವುದು, ಇದು ನನ್ನ ಕೆಲಸ. ನಾನು ಮಾಡಿದ್ದು ಒಂದೂ ಔಷಧಿಯಾಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ತೋಟ ಸುತ್ತುವುದು ಕಷ್ಟವಾದ ಮೇಲೆ ಕೊಟ್ಟಿಗೆಹಾರಕ್ಕೆ ವಾಪಸು ಬಂದೆ. ಹಳೆ ಲ್ಯಾಬಿನ ಹುಡುಗ ಹುಡುಗಿಯರು ಈಗಲೂ ಫೋನು ಮಾಡುತ್ತಾರೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಲೋಹ ಯಾವುದು ಅನ್ನುವ ಮೊದಲು ಅದರ ಜೊತೆಗಾರರು ಯಾರು ಅಂತ ಕೇಳಿ

ಹೊಸದಾಗಿ ಸೇರಿದವರೆಲ್ಲ "ಪ್ಲಾಟಿನಂ ಕ್ಯಾನ್ಸರ್ ಕೊಲ್ಲುತ್ತೆ" ಅನ್ನುತ್ತಾರೆ. ಪ್ಲಾಟಿನಂ ಉಂಗುರ ಹಾಕಿಕೊಂಡವರಿಗೆ ಕ್ಯಾನ್ಸರ್ ಬರುವುದಿಲ್ಲವೇ? ಕೊಲ್ಲುವುದು ಸಿಸ್‌ಪ್ಲಾಟಿನ್. ಒಂದು ಪ್ಲಾಟಿನಂ, ಅದರ ಸುತ್ತ ಒಂದೇ ಸಮತಲದಲ್ಲಿ ಎರಡು ಅಮೋನಿಯಾ, ಎರಡು ಕ್ಲೋರೈಡು. ಕ್ಲೋರೈಡುಗಳೆರಡೂ ಅಕ್ಕಪಕ್ಕ ಇದ್ದರೆ ಅದು ಸಿಸ್, ಔಷಧಿ. ಎದುರುಬದುರು ಇದ್ದರೆ ಟ್ರಾನ್ಸ್. ಅಷ್ಟೇ ಪರಮಾಣುಗಳು, ಅದೇ ತೂಕ, ಆದರೆ ರೋಗಿಗೆ ಉಪಯೋಗವಿಲ್ಲ.

ಇಟಲಿಯ ಪೆಯ್ರೋನೆ ಇದನ್ನು 1840ರ ದಶಕದಲ್ಲೇ ತಯಾರಿಸಿದ್ದ. 1893ರಲ್ಲಿ ಆಲ್ಫ್ರೆಡ್ ವೆರ್ನರ್ ಅದರ ಆಕಾರ ಹೇಳಿದರು. ಅದರೊಳಗೆ ಔಷಧಿ ಇದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿ ನೋಡುತ್ತಿದ್ದರು. ಅವು ಸಾಯಲಿಲ್ಲ, ಒಡೆದು ಎರಡಾಗಲೂ ಇಲ್ಲ; ದಾರದ ಹಾಗೆ ಮುನ್ನೂರು ಪಟ್ಟು ಉದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ. ತಂತಿ ಪ್ಲಾಟಿನಮ್ಮಿನದು, ಅದು ಸವೆದು, ಬ್ಯಾಕ್ಟೀರಿಯಾ ಬೆಳೆಸಿದ ನೀರಿನಲ್ಲಿದ್ದ ಅಮೋನಿಯಂ ಮತ್ತು ಕ್ಲೋರೈಡುಗಳ ಜೊತೆ ಸೇರಿಕೊಂಡಿತ್ತು. ಆ ವರದಿ ಬಂದದ್ದು 1965ರಲ್ಲಿ, ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ.

ರಕ್ತದಲ್ಲಿ ಕ್ಲೋರೈಡು ಜಾಸ್ತಿ, ಹಾಗಾಗಿ ಸಿಸ್‌ಪ್ಲಾಟಿನ್ ತನ್ನ ಕ್ಲೋರೈಡು ಬಿಡದೆ ಸುಮ್ಮನೆ ಓಡಾಡುತ್ತದೆ. ಜೀವಕೋಶದ ಒಳಗೆ ಕ್ಲೋರೈಡು ಬಹಳ ಕಡಿಮೆ. ಅಲ್ಲಿ ಕ್ಲೋರೈಡು ಕಳಚಿ ನೀರು ಬಂದು ಕೂರುತ್ತದೆ; ಆ ಜಾಗದಿಂದ ಪ್ಲಾಟಿನಂ ಹೋಗಿ ಡಿಎನ್‌ಎಯ ಗ್ವಾನಿನ್ ಎಂಬ ಅಕ್ಷರಕ್ಕೆ ಕಚ್ಚಿಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು ಹಿಡಿದರೆ ಡಿಎನ್‌ಎ ಬಾಗಿಬಿಡುತ್ತದೆ. ಅಪ್ಪನ ಡ್ರಮ್ಮಿನಲ್ಲಿ ಸುಣ್ಣ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕ್ಲೋರೈಡು ಮಾಡುತ್ತದೆ ಅನ್ನಬಹುದು: ತಲುಪುವ ತನಕ ಲೋಹದ ಕೈ ಕಟ್ಟಿಡುವುದು.

2. ಡಿಎನ್‌ಎ ಅಂದರೆ ಏಣಿ ಅಂದುಕೊಂಡು ಕೂರಬೇಡಿ

ಶಾಲೆಯ ಪುಸ್ತಕದ ಎರಡೆಳೆಯ ಸುರುಳಿ ಸುಳ್ಳಲ್ಲ. ಆದರೆ ಅದರ ನಿಜವಾದ ಮೈ ಎಷ್ಟು ಬಳುಕುತ್ತದೆ ಅನ್ನುವುದು ಪರಮಾಣುಗಳ ಮಟ್ಟದಲ್ಲಿ ಕಂಡದ್ದು ತಡವಾಗಿ. 1978ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ವಿಶ್ವಮಿತ್ರ ಮತ್ತು ಕೇಂಬ್ರಿಜ್ಜಿನ ಓಲ್ಗಾ ಕೆನಾರ್ಡ್ ಜೊತೆಗಾರರು ಬರೀ ನಾಲ್ಕು ಅಕ್ಷರದ ಡಿಎನ್‌ಎ ತುಣುಕಿನ ಹರಳು ಬೆಳೆಸಿ ಆ ರಚನೆಯನ್ನು ಪ್ರಕಟಿಸಿದರು. ಈ ದಾರಿಯ ಮೊದಮೊದಲ ಕಲ್ಲುಗಳಲ್ಲೊಂದು ನಮ್ಮಲ್ಲೇ ನೆಟ್ಟದ್ದು; ನಮ್ಮ ಹುಡುಗರಿಗೇ ಅದು ಗೊತ್ತಿರುವುದಿಲ್ಲ.

ಗ್ವಾನಿನ್‌ಗೆ ಒಂದು ಚಾಳಿ ಇದೆ. ನಾಲ್ಕು ಜನ ಸೇರಿದರೆ ಒಬ್ಬರ ಕೈ ಒಬ್ಬರು ಹಿಡಿದು ಚೌಕ ಕಟ್ಟಿಕೊಂಡು ಕೂತುಬಿಡುತ್ತವೆ. ಗ್ವಾನಿನ್ ಇರುವ ಆಮ್ಲದ ಗಟ್ಟಿ ದ್ರಾವಣ ಲೋಳೆಯಾಗುವುದನ್ನು 1910ರಲ್ಲೇ ನೋಡಿದ್ದರು. ಅದರ ಕಾರಣ ಈ ಚೌಕ ಎಂದು 1962ರಲ್ಲಿ ಗೆಲ್ಲರ್ಟ್, ಲಿಪ್ಸೆಟ್, ಡೇವಿಸ್ ಹೇಳಿದರು. ಅಂಥ ಎರಡು ಮೂರು ಚೌಕಗಳು ಅಕ್ಕಿರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತರೆ ಅದೇ ಜಿ-ಕ್ವಾಡ್ರುಪ್ಲೆಕ್ಸ್. ನಾನು ನಾಲ್ಕೆಳೆಯ ಗಂಟು ಅನ್ನುತ್ತೇನೆ. ಅಂತಸ್ತುಗಳ ನಡುವೆ, ಸರಿಯಾಗಿ ಮಧ್ಯದಲ್ಲಿ, ಪೊಟ್ಯಾಸಿಯಂ ಕೂತಿರುತ್ತದೆ. ಅದಿಲ್ಲದಿದ್ದರೆ ಗಂಟು ಸಡಿಲ.

ಇದು ಕ್ಯಾನ್ಸರಿಗೆ ಹೇಗೆ ಬಂತು? ಕ್ರೋಮೋಸೋಮಿನ ತುದಿಯಲ್ಲಿ, ಅಂದರೆ ಟೆಲೋಮಿಯರಿನಲ್ಲಿ, ಟಿಟಿಎಜಿಜಿಜಿ ಅನ್ನುವ ಆರಕ್ಷರ ಸಾವಿರಾರು ಅಕ್ಷರಗಳ ಉದ್ದಕ್ಕೂ ಮರುಕಳಿಸುತ್ತದೆ. ಕೋಶ ಒಡೆದಾಗಲೆಲ್ಲ ಈ ತುದಿ ಒಂದಿಷ್ಟು ಸವೆಯುತ್ತದೆ, ಕೊನೆಗೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ನೂರರಲ್ಲಿ 85ರಿಂದ 90 ಕ್ಯಾನ್ಸರುಗಳು ಟೆಲೋಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿಕೊಂಡು ಸವೆದದ್ದನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳುತ್ತವೆ. ಈ ತುದಿಗಳ ಕೆಲಸಕ್ಕೆ ಬ್ಲ್ಯಾಕ್‌ಬರ್ನ್, ಗ್ರೈಡರ್, ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಆ ತುದಿಯನ್ನು ಗಂಟು ಹಾಕಿ ಮೇಲೊಂದು ಮುಚ್ಚಳ ಒತ್ತಿಬಿಟ್ಟರೆ ಟೆಲೋಮರೇಸ್‌ಗೆ ಹಿಡಿತ ಸಿಗುವುದಿಲ್ಲ ಅನ್ನುವುದು ಒಂದು ಲೆಕ್ಕಾಚಾರ. ಇನ್ನೊಂದು, ಸಿ-ಮಿಕ್‌ನಂಥ ಕ್ಯಾನ್ಸರ್ ಬೆಳೆಸುವ ಜೀನುಗಳ ಹೆಬ್ಬಾಗಿಲಲ್ಲೇ ಇಂಥ ಗಂಟು ಬೀಳುತ್ತದೆ, ಅಲ್ಲೇ ಹಿಡಿದರೆ ಜೀನು ಮಾತಾಡುವುದು ಕಡಿಮೆಯಾಗುತ್ತದೆ ಅನ್ನುವುದು. ಇದನ್ನು 2002ರಲ್ಲಿ ಅಮೆರಿಕದ ಲಾರೆನ್ಸ್ ಹರ್ಲಿ ತಂಡ ತೋರಿಸಿತು.

ಇದೆಲ್ಲ ಗಾಜಿನ ಕೊಳವೆಯ ಆಟ, ಜೀವಂತ ಕೋಶದಲ್ಲಿ ಎಲ್ಲಿದೆ ತೋರಿಸಿ ಎಂದು ಬಹಳ ವರ್ಷ ಜನ ಮೂಗು ಮುರಿದರು. 2013ರಲ್ಲಿ ಕೇಂಬ್ರಿಜ್ಜಿನ ಶಂಕರ್ ಬಾಲಸುಬ್ರಮಣಿಯನ್ ತಂಡ, ಗಂಟನ್ನು ಮಾತ್ರ ಗುರುತಿಸುವ ಪ್ರತಿಕಾಯ ಮಾಡಿ, ಮನುಷ್ಯನ ಕೋಶದಲ್ಲಿ ಅವನ್ನು ಚುಕ್ಕೆಚುಕ್ಕೆಯಾಗಿ ತೋರಿಸಿತು. ಆಮೇಲೆ ಆ ಗೊಣಗಾಟ ಕಡಿಮೆಯಾಯಿತು. ಗ್ವಾನಿನ್ ಎಳೆಯ ಎದುರಿಗಿರುವ ಸೈಟೋಸಿನ್ ಎಳೆಯೂ ಐ-ಮೋಟಿಫ್ ಎಂಬ ಬೇರೆಯೇ ಗಂಟು ಹಾಕಿಕೊಳ್ಳುತ್ತದೆ; ಅದನ್ನು ಕೋಶದೊಳಗೆ ಕಂಡದ್ದು 2018ರಲ್ಲಿ. ಅದಕ್ಕೆ ನಾನು ಕೈ ಹಾಕಲಿಲ್ಲ.

3. ಮುಚ್ಚಳ ಚಪ್ಪಟೆಯಾಗಿರಲಿ, ಲೋಹ ನಡುವೆ ಕೂರಲಿ

ಸಿಸ್‌ಪ್ಲಾಟಿನ್ ಕಚ್ಚುವ ಜಾಗ ಗ್ವಾನಿನ್‌ನ ಏಳನೇ ನೈಟ್ರೋಜನ್. ಗಂಟಿನಲ್ಲಿ ಆ ಜಾಗ ಪಕ್ಕದವನ ಕೈಯಲ್ಲಿರುತ್ತದೆ. ಅಂದ ಮೇಲೆ ಇಲ್ಲಿ ಕಚ್ಚುವುದಕ್ಕಿಂತ ಮೇಲೆ ಹೋಗಿ ಕೂರುವುದೇ ಸುಲಭ. ಗಂಟಿನ ಮೇಲ್ಮೈ ಮಾಮೂಲಿ ಡಿಎನ್‌ಎಯ ಜೋಡಿಗಿಂತ ಸುಮಾರು ಎರಡರಷ್ಟು ಅಗಲ. ಅಷ್ಟೇ ಅಗಲದ ಚಪ್ಪಟೆ ಅಣು ಬೇಕು. ನಿಕ್ಕಲ್, ಪ್ಲಾಟಿನಂ, ಪೆಲೇಡಿಯಂಗಳಿಗೆ ನಾಲ್ಕು ಕೈಗಳನ್ನು ಒಂದೇ ಸಮತಲದಲ್ಲಿ ಚಾಚುವ ಅಭ್ಯಾಸ ಇರುವುದರಿಂದ ಅವು ಲಿಗ್ಯಾಂಡನ್ನು, ಅಂದರೆ ಲೋಹಕ್ಕೆ ಅಂಟುವ ಜೊತೆಗಾರ ಅಣುವನ್ನು, ಬಿಗಿದು ಚಪ್ಪಟೆಯಾಗಿಡುತ್ತವೆ. ಲೋಹ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುವುದರಿಂದ ಆ ಚಪ್ಪಟೆ ಅಣು ಗಂಟಿನ ಮೇಲೆ ಇನ್ನೂ ಚೆನ್ನಾಗಿ ಒತ್ತಿಕೊಳ್ಳುತ್ತದೆ. ಲೋಹವೂ ಕೆಳಗಿನ ಪೊಟ್ಯಾಸಿಯಂ ಸಾಲಿನ ನೇರಕ್ಕೇ ಬಂದು ನಿಲ್ಲುತ್ತದೆ.

ಲಂಡನ್ನಿನ ರಮೋನ್ ವಿಲಾರ್ ತಂಡ 2006ರಲ್ಲಿ ನಿಕ್ಕಲ್ ಸಾಲ್ಫೆನ್ ಸಂಯುಕ್ತಗಳಿಂದ ಇದನ್ನು ತೋರಿಸಿದಾಗ ನಮಗೆಲ್ಲ ಹುಚ್ಚು ಹಿಡಿಯಿತು. ಯಾಕೆಂದರೆ ಅದರ ಮೂಲ ಚೌಕಟ್ಟು ಎಮ್ಮೆಸ್ಸಿ ಪ್ರಾಕ್ಟಿಕಲ್ಲಿನ ಶಿಫ್ ಬೇಸ್: ಸ್ಯಾಲಿಸಿಲಾಲ್ಡಿಹೈಡು, ಡೈಅಮೀನು, ನಿಕ್ಕಲ್ ಅಸಿಟೇಟು, ಕುದಿಯುವ ಎಥನಾಲು. ಮಧ್ಯಾಹ್ನದ ಊಟದ ಹೊತ್ತಿಗೆ ಕಿತ್ತಳೆ ಕೆಂಪು ಪುಡಿ ರೆಡಿ. ನಾನು ಅದೇ ಚೌಕಟ್ಟಿಗೆ ನಿಕ್ಕಲ್ ಬದಲು ಸತು ಹಾಕಿದೆ. ಅಗ್ಗ, ದೇಹಕ್ಕೂ ಪರಿಚಿತ. ಕೂರಲೇ ಇಲ್ಲ. ಸತುವಿಗೆ ಐದನೇ ಕೈಯ ಆಸೆ. ಮೇಲೊಂದು ನೀರಿನ ಅಣು ಹಿಡಿದುಕೊಂಡು ತಾನೇ ಸ್ವಲ್ಪ ಮೇಲಕ್ಕೇರಿ ನಿಲ್ಲುತ್ತದೆ. ಮುಚ್ಚಳಕ್ಕೆ ಗೂಟ ಇದ್ದರೆ ಡಬ್ಬಿಗೆ ಕೂತೀತೇ?

4. ಯಾವ ಉಪ್ಪು ಅಂತ ಬರೆದಿಡಿ. ಮತ್ತೊಮ್ಮೆ ನೋಡಿ

ನನ್ನ ಎರಡೂವರೆ ತಿಂಗಳು ತಿಂದ ಪಾಠ ಇದು. ಟೆಲೋಮಿಯರ್ ಎಳೆಯನ್ನು 95 ಡಿಗ್ರಿಗೆ ಕಾಯಿಸಿ, ಹೀಟರ್ ಆರಿಸಿ, ರಾತ್ರಿಯಿಡೀ ತಣಿಯಲು ಬಿಡುತ್ತೇವೆ. ಬೆಳಿಗ್ಗೆ ವರ್ತುಲ ದ್ವಿವರ್ಣತೆಯ ಯಂತ್ರದಲ್ಲಿ, ಲ್ಯಾಬಿನ ಮಾತಲ್ಲಿ ಸಿಡಿಯಲ್ಲಿ, ನೋಡುತ್ತೇವೆ. 264 ನ್ಯಾನೊಮೀಟರಿನ ಹತ್ತಿರ ಶಿಖರ ಎದ್ದರೆ ಎಳೆಗಳು ಒಂದೇ ದಿಕ್ಕಿಗೆ ಮುಖ ಮಾಡಿವೆ. 295ರಲ್ಲಿ ಎದ್ದು 260ರ ಆಸುಪಾಸು ಕುಸಿದರೆ ಎದುರುಬದುರು ಮಡಚಿವೆ. ನನ್ನ ಸಂಯುಕ್ತ ಹಾಕಿದ ಕೊಳವೆಯಲ್ಲಿ ರೇಖೆಯ ಆಕಾರವೇ ಬದಲಾಗಿತ್ತು. ಸಂಯುಕ್ತ ಗಂಟಿನ ಮಡಿಕೆಯನ್ನೇ ಬದಲಿಸುತ್ತಿದೆ ಎಂದು ಗೈಡಿಗೆ ರಾತ್ರಿ ಹತ್ತಕ್ಕೆ ಫೋನು ಮಾಡಿ ಹೇಳಿದೆ. ಅವರು "ಬಫರ್ ಬಾಟಲಿ ತೋರಿಸಿ" ಎಂದಷ್ಟೇ ಅಂದರು.

ಸಂಯುಕ್ತ ಇಲ್ಲದ ಕೊಳವೆಗೆ ನಾನು ಹಾಕಿದ್ದು ಸೋಡಿಯಂ ಫಾಸ್ಫೇಟು. ಇದ್ದದ್ದಕ್ಕೆ ಪಕ್ಕದ ಬಾಟಲಿಯ ಪೊಟ್ಯಾಸಿಯಂ ಫಾಸ್ಫೇಟು. ಒಂದೇ ಎಳೆ ಸೋಡಿಯಮ್ಮಿನಲ್ಲಿ ಒಂದು ಥರ, ಪೊಟ್ಯಾಸಿಯಮ್ಮಿನಲ್ಲಿ ಇನ್ನೊಂದು ಥರ ಮಡಚುತ್ತದೆ. ಇದು ಪಠ್ಯಪುಸ್ತಕದ ವಿಷಯ: 1993ರಲ್ಲಿ ಸೋಡಿಯಂ ದ್ರಾವಣದಲ್ಲಿ ಕಂಡ ಆಕಾರಕ್ಕೂ 2002ರಲ್ಲಿ ನೀಡ್ಲ್ ತಂಡ ಪೊಟ್ಯಾಸಿಯಂ ಹರಳಿನಲ್ಲಿ ಕಂಡ ಆಕಾರಕ್ಕೂ ತಾಳೆಯೇ ಇಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬಾಟಲಿ ಕೈಗೆತ್ತಿಕೊಂಡಾಗ ನೆನಪಾಗಲಿಲ್ಲ. ಕೋಶದೊಳಗೆ ಪೊಟ್ಯಾಸಿಯಮ್ಮೇ ಹೆಚ್ಚು, ಸುಮಾರು 140 ಮಿಲಿಮೋಲಾರ್. ಹಾಗಾಗಿ ಪೊಟ್ಯಾಸಿಯಮ್ಮಿನಲ್ಲಿ ಕಂಡದ್ದನ್ನೇ ನಂಬಿ.

ಇನ್ನೊಂದು ಸಣ್ಣ ವಿಷಯ. ಉಪ್ಪಿನ ಪ್ರಭಾವ ಬೇಡವೆಂದು ಲಿಥಿಯಂ ಬಫರ್ ಮಾಡುತ್ತೀರಿ, ಆಮೇಲೆ ಪಿಎಚ್ ನೋಡಲು ಎಲೆಕ್ಟ್ರೋಡನ್ನು ಸೀದಾ ಆ ಬಾಟಲಿಗೇ ಅದ್ದುತ್ತೀರಿ. ಎಲೆಕ್ಟ್ರೋಡಿನೊಳಗೆ ತುಂಬಿರುವುದು ಪೊಟ್ಯಾಸಿಯಂ ಕ್ಲೋರೈಡು, ಅದು ಜಿನುಗುತ್ತದೆ. ಸ್ವಲ್ಪ ಬೇರೆ ಲೋಟಕ್ಕೆ ತೆಗೆದು ನೋಡಿ, ಚೆಲ್ಲಿ.

5. ಇಡಿಟಿಎ ಎಂಬ ಕಳ್ಳ

ಡಿಎನ್‌ಎ ಒಣ ಪುಡಿಯಾಗಿ ಬರುತ್ತದೆ. ಜೊತೆಗಿನ ಚೀಟಿ ನೋಡಿ ಟಿಇ ಬಫರಿನಲ್ಲಿ ಕರಗಿಸುವುದು ಜೀವಶಾಸ್ತ್ರದವರ ಪದ್ಧತಿ. ಟಿಇಯ ಇ ಅಂದರೆ ಇಡಿಟಿಎ, 1 ಮಿಲಿಮೋಲಾರ್. ಐವತ್ತು ಪಾಲು ತೆಳು ಮಾಡಿದರೂ 20 ಮೈಕ್ರೋಮೋಲಾರ್ ಉಳಿಯುತ್ತದೆ. ನಾನು ಹಾಕುತ್ತಿದ್ದ ತಾಮ್ರದ ಸಂಯುಕ್ತ 10 ಮೈಕ್ರೋಮೋಲಾರ್. ಇಡಿಟಿಎಗೆ ತಾಮ್ರ ಅಂದರೆ ಪ್ರಾಣ. ಲಿಗ್ಯಾಂಡಿನ ಮಡಿಲಿಂದಲೇ ಎತ್ತಿಕೊಂಡು ಹೋಯಿತು. "ಕೂರುವುದಿಲ್ಲ, ಬಿಟ್ಟುಬಿಡುವುದು" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಮುಂದಿನ ವರ್ಷ ಜೂನಿಯರ್ ಒಬ್ಬಳು ಬರೀ ನೀರಿನಲ್ಲಿ ಕರಗಿಸಿದ ಎಳೆ ಇಟ್ಟುಕೊಂಡು ಅದನ್ನೇ ಮಾಡಿದಳು. ಚೆನ್ನಾಗಿಯೇ ಕೂತಿತು.

6. ಎದುರಾಳಿಯ ಕೈಕಾಲು ಕಟ್ಟಿ ಕುಸ್ತಿ ಗೆಲ್ಲಬೇಡಿ

ನಮ್ಮ ಸಂಯುಕ್ತಗಳು ನೀರಿಗೆ ಕರಗುವುದಿಲ್ಲ, ಹಾಗಾಗಿ ಎಲ್ಲವನ್ನೂ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಫ್ರೀಜರಿನಲ್ಲಿಡುವುದು ರೂಢಿ. ಹೋಲಿಕೆಗೆಂದು ಇಟ್ಟುಕೊಂಡ ಸಿಸ್‌ಪ್ಲಾಟಿನನ್ನೂ ನಾನು ಹಾಗೇ ಇಟ್ಟೆ. ಹೀಲಾ ಕೋಶಗಳ ಮೇಲೆ ನೋಡಿದರೆ ನನ್ನ ಸಂಯುಕ್ತ ಸಿಸ್‌ಪ್ಲಾಟಿನ್‌ಗಿಂತ ಎಷ್ಟೋ ಮೇಲು! ಗ್ರಾಫ್ ಎಷ್ಟು ಚಂದ ಬಂದಿತ್ತೆಂದರೆ ಗೋಡೆಗೆ ಅಂಟಿಸಿದ್ದೆ. ಆದರೆ ಡಿಎಂಎಸ್‌ಒದ ಗಂಧಕ ಪ್ಲಾಟಿನಮ್ಮಿನ ಕ್ಲೋರೈಡನ್ನು ತಳ್ಳಿ ತಾನು ಕೂತುಕೊಳ್ಳುತ್ತದೆ. ಬಾಟಲಿಯ ಮೇಲೆ ಸಿಸ್‌ಪ್ಲಾಟಿನ್ ಅಂತ ಚೀಟಿ ಇರುತ್ತದೆ, ಒಳಗಿರುವುದು ಬೇರೆಯೇ. ಎಷ್ಟೋ ಪ್ರಬಂಧಗಳಲ್ಲಿ ಈ ತಪ್ಪು ಇದೆಯೆಂದು 2014ರಲ್ಲಿ ಒಂದು ತಂಡ ಎಚ್ಚರಿಸುವ ಲೇಖನವನ್ನೇ ಬರೆಯಿತು. ಆಮೇಲೆ ನಾನು ಲವಣದ ನೀರಿನಲ್ಲಿ, ಅಂದಂದೇ ಕರಗಿಸಿ, ಮತ್ತೆ ನೋಡಿದೆ. ಗೋಡೆಯ ಗ್ರಾಫ್ ಕಿತ್ತೆ.

ಇದಾದ ಎರಡು ವರ್ಷಕ್ಕೆ ಚಿಕ್ಕಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಯಿತು. ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್. ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವ ದಿನಗಳಲ್ಲಿ ನಾನೂ ಜೊತೆಗಿದ್ದೆ. ಔಷಧಿಯ ಮೊದಲು ಸಲೈನ್, ಔಷಧಿ ಸಲೈನಿನಲ್ಲೇ, ಆಮೇಲೂ ಸಲೈನ್. ಕಿಡ್ನಿ ಉಳಿಸಿಕೊಳ್ಳುವ ಉಪಾಯ. ನಾನು ವರ್ಷಗಟ್ಟಲೆ ಮೈಕ್ರೋಲೀಟರಿನಲ್ಲಿ ಅಳೆದದ್ದು ಅಲ್ಲಿ ಬಾಟಲಿಗಟ್ಟಲೆ ನೀರಿನ ಜೊತೆ ಇಳಿಯುತ್ತಿತ್ತು. ಹೀಲಾ ಕೋಶಗಳೂ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸಿನ ಇದೇ ಕಾಯಿಲೆಯಿಂದ ಬಂದವು ಅನ್ನುವುದು ಅದುವರೆಗೆ ನನಗೆ ಬರೀ ಓದಿದ ಮಾತಾಗಿತ್ತು.

7. ಕೋಶ ಸತ್ತದ್ದು ಯಾವುದರಿಂದ ಅಂತ ಕೇಳಿಕೊಳ್ಳಿ

ಕೊಲ್ಲುವುದು ದೊಡ್ಡ ವಿಷಯವಲ್ಲ. ಮೈಲುತುತ್ತವೂ ಕೊಲ್ಲುತ್ತದೆ. ಕೋಶದೊಳಗೆ ಗ್ಲುಟಾಥಯೋನ್ ಮಿಲಿಮೋಲಾರ್ ಲೆಕ್ಕದಲ್ಲಿ ತುಂಬಿರುತ್ತದೆ. ಅದು ತಾಮ್ರದ ಸಂಯುಕ್ತವನ್ನು ಕಳಚಿ, ತಾಮ್ರವನ್ನು ಎರಡರಿಂದ ಒಂದಕ್ಕಿಳಿಸಿ, ಉರಿಯುವ ಆಮ್ಲಜನಕದ ಚೂರುಗಳನ್ನು ಹುಟ್ಟಿಸುತ್ತದೆ. ಕೋಶ ಅದರಲ್ಲಿ ಸಾಯುತ್ತದೆ, ನಾವು "ಜಿ-ಕ್ವಾಡ್ರುಪ್ಲೆಕ್ಸ್ ಹಿಡಿದು ಕೊಂದೆವು" ಎಂದು ಬರೆಯುತ್ತೇವೆ. ಪ್ರತಿಸಲವೂ ಬಿಡಿ ಲೋಹದ ಉಪ್ಪನ್ನೂ ಬಿಡಿ ಲಿಗ್ಯಾಂಡನ್ನೂ ಅದೇ ತಟ್ಟೆಯಲ್ಲಿ ಪಕ್ಕಕ್ಕಿಟ್ಟು ನೋಡಲೇಬೇಕು. ಅಪ್ಪನ ಕತ್ತಿ ಪರೀಕ್ಷೆ ಅದೇ ತಾನೆ?

ಹಾಗೆಯೇ, ಗಂಟಿನ ಮೇಲೆ ಎಷ್ಟು ಗಟ್ಟಿ ಕೂರುತ್ತದೆ ಅನ್ನುವ ಸಂಖ್ಯೆ ಒಂದನ್ನೇ ಹಿಡಿದು ಕುಣಿಯಬೇಡಿ. ಎರಡೆಳೆಯ ಮಾಮೂಲಿ ಡಿಎನ್‌ಎಯನ್ನು ಹತ್ತು, ಐವತ್ತು ಪಾಲು ಹೆಚ್ಚು ಹಾಕಿ, ಆಗಲೂ ಗಂಟನ್ನೇ ಆರಿಸುತ್ತದೆಯೇ ನೋಡಿ. ನನ್ನ ಮೂವತ್ತೊಂದು ಸಂಯುಕ್ತಗಳಲ್ಲಿ ಈ ಪರೀಕ್ಷೆ ದಾಟಿದ್ದು ನಾಲ್ಕು. ಅದಕ್ಕೂ ಮುಂದೆ ಇನ್ನೊಂದು ತೊಡಕಿದೆ. 2015ರಲ್ಲಿ ಕೇಂಬ್ರಿಜ್ಜಿನವರು ಮನುಷ್ಯನ ಡಿಎನ್‌ಎಯಲ್ಲಿ ಗಂಟು ಬೀಳಬಲ್ಲ 7 ಲಕ್ಷಕ್ಕೂ ಹೆಚ್ಚು ಜಾಗ ಗುರುತಿಸಿದರು. ನಿಜವಾದ ಕೋಶದಲ್ಲಿ ಯಾವುದೇ ಹೊತ್ತಿಗೆ ಬಿದ್ದಿರುವುದು ಅದರಲ್ಲಿ ಸುಮಾರು 10 ಸಾವಿರ ಎಂದು ಮರುವರ್ಷ ವರದಿ ಬಂತು. ಹತ್ತು ಸಾವಿರದಲ್ಲಿ ಸಿ-ಮಿಕ್ ಒಂದನ್ನೇ ಹಿಡಿ ಎಂದು ಆ ಚಪ್ಪಟೆ ಮುಚ್ಚಳಕ್ಕೆ ಹೇಳುವುದು ಹೇಗೆ?

8. ಟ್ಯೂಬ್‌ಲೈಟ್ ಆರಿಸಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಕತ್ತಲಲ್ಲಿ ತೆಪ್ಪಗಿದ್ದು ಬೆಳಕು ಬಿದ್ದಾಗ ಮಾತ್ರ ಕೋಶ ಕೊಲ್ಲುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅವರು ಬೇಕೆಂದೇ ಮಾಡುವುದನ್ನು ನಾವು ಗೊತ್ತಿಲ್ಲದೆ ಮಾಡಿಬಿಡುತ್ತೇವೆ. ಬಣ್ಣದ ಸಂಯುಕ್ತವಾದರೆ ತಟ್ಟೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಇಷ್ಟೇ.

9. ನಮ್ಮೂರಿನಂಥ ಡಿಎನ್‌ಎ

ಮೂಡಿಗೆರೆಯಿಂದ ಬಂದ ರಸ್ತೆ ಕೊಟ್ಟಿಗೆಹಾರದಲ್ಲಿ ಕವಲೊಡೆಯುತ್ತದೆ: ಒಂದು ಚಾರ್ಮಾಡಿ ಇಳಿದು ಧರ್ಮಸ್ಥಳದ ಕಡೆ, ಇನ್ನೊಂದು ಬಾಳೂರಿನ ಮೇಲೆ ಹೊರನಾಡು, ಕಳಸದ ಕಡೆ. ಮೂರು ಕಡೆಯವರೂ ಇಲ್ಲಿ ನಿಂತು ನೀರುದೋಸೆ ತಿಂದೇ ಮುಂದೆ ಹೋಗುವುದು. ಡಿಎನ್‌ಎಯಲ್ಲೂ ಮೂರು ತೋಳು ಕೂಡುವ ಇಂಥ ಜಾಗಗಳುಂಟು. ಡಿಎನ್‌ಎ ನಕಲಾಗುವಾಗ ಎರಡೆಳೆ ಬಿಚ್ಚಿಕೊಳ್ಳುವ ಕವಲೂ ಅದೇ ಆಕಾರ. ಕೂಡುವಲ್ಲಿ ನಡುವೆ ಮೂರು ಮೂಲೆಯ ಖಾಲಿ ಜಾಗ ಉಳಿಯುತ್ತದೆ.

ಬರ್ಮಿಂಗ್‌ಹ್ಯಾಮಿನ ಮೈಕ್ ಹ್ಯಾನನ್ ತಂಡ ಎರಡು ಕಬ್ಬಿಣದ ಅಯಾನುಗಳ ಸುತ್ತ ಮೂರು ಉದ್ದದ ಲಿಗ್ಯಾಂಡ್ ಹೆಣೆದು ಪುಟ್ಟ ಕೊಳವೆಯಂಥ ಅಣು ಮಾಡಿತ್ತು. ಬಾರ್ಸಿಲೋನಾದ ಮಿಕೆಲ್ ಕೋಲ್ ಅವರ ಜೊತೆ ಹರಳು ಬೆಳೆಸಿ ನೋಡಿದರೆ, ಆ ಕೊಳವೆ ಮೂರು ದಾರಿ ಕೂಡುವ ನಡುವಿಗೇ ಹೋಗಿ ಕೂತಿತ್ತು. 2006ರಲ್ಲಿ ಆ ಚಿತ್ರ ಬಂದಾಗ ನಾನು ಎಮ್ಮೆಸ್ಸಿಯಲ್ಲಿದ್ದೆ. ಕಬ್ಬಿಣ ಇಲ್ಲಿ ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ಅದು ಮೂರು ಲಿಗ್ಯಾಂಡುಗಳನ್ನು ಆ ಆಕಾರದಲ್ಲಿ ಹಿಡಿದಿಡುವ ಮೊಳೆ ಅಷ್ಟೆ, ಅದರ ಧನ ವಿದ್ಯುದಂಶ ಡಿಎನ್‌ಎಯ ಋಣಕ್ಕೆ ಒಗ್ಗುತ್ತದೆ. ನಾನು ಈ ವಿಷಯಕ್ಕೆ ಬಿದ್ದದ್ದು ಆ ಒಂದು ಚಿತ್ರದಿಂದ. ಊರಿನ ಅಭಿಮಾನವೂ ಸೇರಿತ್ತು ಅಂದರೆ ನಗಬೇಡಿ.

10. ಕಾಫಿಯಲ್ಲೂ ಒಂದು ಲಿಗ್ಯಾಂಡಿದೆ

ಇದು ನಾನು ಮಾಡಿದ್ದಲ್ಲ. ಮಾಡಿದ್ದರೆ ಊರಿನಲ್ಲಿ ಬ್ಯಾನರ್ ಕಟ್ಟಿಸುತ್ತಿದ್ದೆ.

ಕೆಫೀನನ್ನು ಮೊದಲು ಬೇರ್ಪಡಿಸಿದ್ದು 1819ರಲ್ಲಿ ಜರ್ಮನಿಯ ರುಂಗೆ. ಕಾಫಿ ಬೀಜ ಕೈಗೆ ಕೊಟ್ಟು ನೋಡು ಎಂದದ್ದು ಕವಿ ಗಯಟೆ. ನಮ್ಮ ಅರೇಬಿಕಾದಲ್ಲಿ ನೂರಕ್ಕೆ ಒಂದು ಚಿಲ್ಲರೆ, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಕೆಫೀನಿನ ಬುನಾದಿ ಗ್ವಾನಿನ್‌ನ ಬುನಾದಿಯೇ, ಎರಡೂ ಪ್ಯೂರಿನ್ ಮನೆತನ. ಅದಕ್ಕೆ ಇನ್ನೊಂದು ಮೀಥೈಲ್ ಹಚ್ಚಿ, ಎಂಟನೇ ಇಂಗಾಲದಿಂದ ಹೈಡ್ರೋಜನ್ ಕಳಚಿದರೆ, ಆ ಇಂಗಾಲ ಲೋಹಕ್ಕೆ ಬಿಗಿಯಾಗಿ ಅಂಟುವ ಕಾರ್ಬೀನ್ ಆಗುತ್ತದೆ. ಆಂಜೆಲಾ ಕ್ಯಾಸಿನಿ ಮತ್ತು ಜೊತೆಗಾರರು ಇಂಥ ಎರಡು ಕೆಫೀನ್‌ಗಳ ನಡುವೆ ಒಂದು ಚಿನ್ನದ ಅಯಾನು ಕೂರಿಸಿದರು. 2014ರ ವರದಿಯಲ್ಲಿ ಅದು ಅಂಡಾಶಯದ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡಿತ್ತು, ಆರೋಗ್ಯವಂತ ಕೋಶಗಳಿಗೆ ಅಷ್ಟು ತೊಂದರೆ ಕೊಟ್ಟಿರಲಿಲ್ಲ. ನಾಲ್ಕೆಳೆಯ ಗಂಟನ್ನು ಹಿಡಿಯುತ್ತಿತ್ತು, ಮಾಮೂಲಿ ಸುರುಳಿಯನ್ನು ಅಷ್ಟಾಗಿ ಹಿಡಿಯುತ್ತಿರಲಿಲ್ಲ. 2016ರಲ್ಲಿ ಟೆಲೋಮಿಯರ್ ಗಂಟಿನ ಮೇಲೆ ಅದು ಚಪ್ಪಟೆಯಾಗಿ ಮಲಗಿದ ಹರಳಿನ ಚಿತ್ರವೂ ಬಂತು.

ಇದನ್ನು ಒಮ್ಮೆ ಬಾಯಿ ತಪ್ಪಿ ಬಣಕಲ್ ಸಂತೆಯಲ್ಲಿ ಹೇಳಿಬಿಟ್ಟೆ. ವಾರದೊಳಗೆ ಇಬ್ಬರು ಬಂದು, ಕಾಫಿ ಕುಡಿಯುವಾಗ ಲೋಟಕ್ಕೆ ಚಿನ್ನದುಂಗುರ ಹಾಕಿದರೆ ಸಾಕೇ ಎಂದು ಕೇಳಿದರು. ಇಲ್ಲ. ಉಂಗುರದ ಚಿನ್ನ ಕರಗುವುದಿಲ್ಲ, ಲೋಟದ ಕೆಫೀನು ಕಾರ್ಬೀನಲ್ಲ. ಆದರೆ ಅವರ ಪ್ರಶ್ನೆ ನನ್ನ ಮೊದಲ ವರ್ಷದ ವಿದ್ಯಾರ್ಥಿಗಳ ಪ್ರಶ್ನೆಗಿಂತ ಕೆಟ್ಟದ್ದೇನಲ್ಲ.

11. ಕಾಡಿನ ಮರವನ್ನೂ ನೋಡಿಕೊಳ್ಳಿ

"ಲೋಹ ಎಲ್ಲ ಯಾಕೆ, ನಮ್ಮ ಕಾಡಿನಲ್ಲೇ ಮದ್ದಿಲ್ಲವೇ" ಅನ್ನುವವರಿಗೆ ಉತ್ತರ ಇದೆ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಡಿಎನ್‌ಎಯ ಸಿಕ್ಕು ಬಿಡಿಸಲು ಟೊಪೊಐಸೋಮರೇಸ್ ಕಿಣ್ವ ಒಂದು ಎಳೆ ಕತ್ತರಿಸುತ್ತದೆ; ಈ ಅಣು ಆ ಕೊಯ್ತದ ಸಂದಿಯಲ್ಲೇ ತೂರಿ ಮತ್ತೆ ಬೆಸೆಯಲು ಬಿಡುವುದಿಲ್ಲ. ಅದರ ಕುಲದ ಟೊಪೊಟೆಕಾನ್, ಇರಿನೊಟೆಕಾನ್ 1996ರಿಂದಲೇ ಅಮೆರಿಕದಲ್ಲಿ ಔಷಧಿಗಳಾಗಿವೆ. ಬೇಡಿಕೆ ಬಂದದ್ದೇ ತಡ, ಮರಗಳನ್ನು ಕಡಿದು ಸಾಗಿಸಿದರು. ನಮ್ಮ ತೋಟದ ಅಂಚಿನಲ್ಲಿ ಎರಡಿವೆ. ಎಲ್ಲಿ ಅಂತ ಹೇಳುವುದಿಲ್ಲ.

12. "ಯಾವಾಗ ಬರುತ್ತೆ?" ಅಂತ ಕೇಳಿದರೆ ಸುಳ್ಳು ಹೇಳಬೇಡಿ

ನಾಲ್ಕೆಳೆಯ ಗಂಟನ್ನು ಗುರಿ ಮಾಡಿ ಹೊರಟ ಔಷಧಿಗಳಲ್ಲಿ ಒಪ್ಪಿಗೆ ಪಡೆದು ಅಂಗಡಿಗೆ ಬಂದದ್ದು ಒಂದೂ ಇಲ್ಲ. ಕ್ವಾರ್ಫ್ಲಾಕ್ಸಿನ್ ರೋಗಿಗಳ ಎರಡನೇ ಹಂತದ ಪರೀಕ್ಷೆಯವರೆಗೆ ಹೋಗಿ ನಿಂತಿತು. ಸಿಎಕ್ಸ್-5461 ಎಂಬುದು ಬೇರೆ ಉದ್ದೇಶಕ್ಕೆ ಹುಟ್ಟಿ, ಗಂಟನ್ನೂ ಹಿಡಿಯುತ್ತದೆಂದು 2017ರಲ್ಲಿ ಗೊತ್ತಾಗಿ, ಡಿಎನ್‌ಎ ರಿಪೇರಿ ಕೆಟ್ಟಿರುವ ಬಿಆರ್‌ಸಿಎ ಕ್ಯಾನ್ಸರುಗಳ ಮೇಲೆ ರೋಗಿಗಳಲ್ಲಿ ಪರೀಕ್ಷೆಯಾಗಿದೆ. ಎರಡರಲ್ಲೂ ಲೋಹವಿಲ್ಲ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡಗಳು ಗಂಟು ಹಿಡಿಯುವ ಅಣುಗಳ ಮೇಲೆ ಒಳ್ಳೆಯ ಕೆಲಸ ಮಾಡಿವೆ. ಅವೂ ಬಹುಪಾಲು ಲೋಹವಿಲ್ಲದವು. ನಾನು ಲೋಹದ ಪಕ್ಷದವಳು, ಆದರೂ ಇದನ್ನು ಹೇಳಲೇಬೇಕು.

ಕಳೆದ ಕೊಯ್ಲಿನಲ್ಲಿ ಕಣದಲ್ಲಿ ಕಾಫಿ ಕೆದಕುತ್ತಾ ಚಿಕ್ಕಮ್ಮ ಕೇಳಿದರು, "ನೀನು ಮಾಡ್ತಿದ್ದ ಔಷಧಿ ಬರೋದ್ಯಾವಾಗ?" ಚಿಕಿತ್ಸೆ ಮುಗಿದು ಅವರಿಗೆ ಆರು ವರ್ಷವಾಗಿತ್ತು. ಬೆರಳು ಮಡಚಿ ಲೆಕ್ಕ ಹೇಳಿದೆ: ಪೆಯ್ರೋನೆ ತಯಾರಿಸಿದ್ದಕ್ಕೂ ರೋಸೆನ್‌ಬರ್ಗ್ ಕಂಡದ್ದಕ್ಕೂ ನಡುವೆ ನೂರಿಪ್ಪತ್ತು ವರ್ಷ, ಕಂಡ ಮೇಲೆ ಆಸ್ಪತ್ರೆಗೆ ಬರಲು ಹದಿಮೂರು. ನಮ್ಮ ಗಂಟಿನ ಲೆಕ್ಕ ಶುರುವಾದದ್ದು 1962ರಲ್ಲಿ.

ಚಿಕ್ಕಮ್ಮ ಕೆದಕುವುದು ನಿಲ್ಲಿಸಿ ಘಾಟಿ ಕಡೆ ನೋಡಿದರು. "ಅಷ್ಟೊತ್ತಿಗೆ ಪಾರ್ಚ್‌ಮೆಂಟಿಗೆ ರೇಟ್ ಎಷ್ಟಿರುತ್ತೋ ಮಾರಾಯ್ತಿ. ಈಗ ಆ ಟಾರ್ಪಾಲಿನ ಆ ತುದಿ ಹಿಡಿ, ಮೋಡ ಬಂತು."